ಮುದಿ ಗಿಳಿಯ ಉಸಿರು

ಬಳ್ಳಾರಿ ಸೀಮೆಯ ಕುಡತಿನಿಯಲ್ಲಿ, ಒಂದು ಮನೆಯ ಪಡಸಾಲೆಯಲ್ಲಿ ಇಪ್ಪತ್ತು ವರ್ಷ ಬಾಳಿದ ಗಿಳಿಯೊಂದಿದೆಯೆಂದು ಭಾವಿಸೋಣ. ಒಂದು ಚಳಿಗಾಲದಲ್ಲಿ ಅದು ಸೀನತೊಡಗುತ್ತದೆ, ಮೂಗಿನ ಸುತ್ತಣ ಗರಿಗಳು ತೊಯ್ದು ಅಂಟಿಕೊಳ್ಳುತ್ತವೆ, ದನಿ ಒಡೆಯುತ್ತದೆ. ವೈದ್ಯರು ಕೊಟ್ಟ ಔಷಧದಿಂದ ಗುಣವೂ ಆಗುತ್ತದೆ. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಸೀನು, ಅದೇ ಉಬ್ಬಸ. “ಮುದಿಯಾಯಿತು, ಇನ್ನೇನು ಮಾಡುವುದು?” ಎಂದು ಮನೆಯವರು ಕೈಚೆಲ್ಲುವರು. ಮುಪ್ಪು ಶಕ್ತಿಯನ್ನು ಕುಗ್ಗಿಸುವುದು ನಿಜ. ಆದರೆ ಮುಪ್ಪೇ ಒಂದು ರೋಗವಲ್ಲ. ಚೆನ್ನಾಗಿ ಸಾಕಿದ ಗಿಳಿ 25–30 ವರ್ಷ ಬದುಕುವುದುಂಟು. ರೋಗವು ಮತ್ತೆ ಮತ್ತೆ ಮರಳುತ್ತಿದ್ದರೆ, ಅದರ ಬೇರು ಅನೇಕ ವೇಳೆ ಪಂಜರದ ಸುತ್ತಲೇ ಉಳಿದಿರುತ್ತದೆ.

ಇದನ್ನು ತಿಳಿಯಲು ಹಕ್ಕಿ ಉಸಿರಾಡುವ ಬಗೆಯನ್ನು ಮೊದಲು ನೋಡಬೇಕು. ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ತೆರೆಯಿದೆ. ಹಕ್ಕಿಗೆ ಅಂತಹ ವಪೆ ಇಲ್ಲ. ಅದರ ಶ್ವಾಸಕೋಶಗಳು ನಮ್ಮವುಗಳಂತೆ ಹಿಗ್ಗಿ ಕುಗ್ಗುವುದಿಲ್ಲ. ಅವಕ್ಕೆ ಸೇರಿದಂತೆ ದೇಹದೊಳಗೆಲ್ಲ ತೆಳುವಾದ ಗಾಳಿಚೀಲಗಳು ಹರಡಿವೆ. ಎದೆಯ ಮೂಳೆ ಮುಂದೆ ಹಿಂದೆ ಆಡಿದಂತೆ ಇವು ತಿದಿಯ ಹಾಗೆ ಗಾಳಿಯನ್ನು ನೂಕುತ್ತವೆ. ಒಮ್ಮೆ ಒಳಹೊಕ್ಕ ಗಾಳಿ ಪೂರ್ತಿಯಾಗಿ ಹೊರಬರಲು ಎರಡು ಉಸಿರಾಟಗಳು ಬೇಕು. ಉಸಿರನ್ನು ಎಳೆಯುವಾಗಲೂ ಬಿಡುವಾಗಲೂ ಶ್ವಾಸಕೋಶದಲ್ಲಿ ಹೊಸ ಗಾಳಿ ಹರಿಯುತ್ತಿರುವುದರಿಂದ ಹಕ್ಕಿಗೆ ಆಮ್ಲಜನಕ ಸಮೃದ್ಧವಾಗಿ ದೊರೆಯುತ್ತದೆ. ವಿಷವೂ ಅಷ್ಟೇ ಬೇಗ ಸೇರುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲದ ಮುನ್ಸೂಚನೆಗಾಗಿ 1986ರವರೆಗೂ ಕೆನರಿ ಹಕ್ಕಿಗಳನ್ನು ಇರಿಸಿಕೊಂಡಿದ್ದರು. ಗಾಳಿಚೀಲಗಳಲ್ಲಿ ರಕ್ತನಾಳಗಳು ಬಹು ವಿರಳ. ಆದುದರಿಂದ ಅಲ್ಲಿ ನೆಲೆಸಿದ ಸೋಂಕಿಗೆ ಔಷಧ ತಲಪುವುದು ಕಷ್ಟ.

ಈಗ ಬೇರನ್ನು ಹುಡುಕೋಣ. ಮೊದಲನೆಯದು ಆಹಾರ. ಸಜ್ಜೆ, ನವಣೆ, ಶೇಂಗಾ, ಸೂರ್ಯಕಾಂತಿ ಬೀಜ ಇವಿಷ್ಟನ್ನೇ ತಿಂದು ಬೆಳೆದ ಗಿಳಿಗೆ ಎ ಜೀವಸತ್ವ ಸಾಲದು. ಅದರ ಕೊರತೆಯಿಂದ ಮೂಗು, ಗಂಟಲುಗಳ ಒಳಪೊರೆ ತನ್ನ ತೇವವನ್ನು ಕಳೆದುಕೊಂಡು ಗಡುಸಾಗುತ್ತದೆ. ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ. ನುಗ್ಗೆಸೊಪ್ಪು, ಗಜ್ಜರಿ, ಸಿಹಿಗುಂಬಳ, ಮಾಗಿದ ಪರಂಗಿ ಇದಕ್ಕೆ ಪರಿಹಾರ. ನಮ್ಮ ಸೀಮೆಯ ಕೆಂಪು ಮೆಣಸಿನಕಾಯಿಯೂ ಒಳ್ಳೆಯದೇ. ಅದರ ಖಾರ ಹಕ್ಕಿಗೆ ತಾಗುವುದಿಲ್ಲ. ಆದರೆ ಜೀವಸತ್ವದ ಹನಿಗಳನ್ನು ವೈದ್ಯರನ್ನು ಕೇಳದೆ ಹಾಕಬಾರದು. ಎ ಜೀವಸತ್ವ ಅತಿಯಾದರೂ ಕೇಡೇ.

ಎರಡನೆಯದು ಬೂಸ್ಟು. ತೇವ ಹಿಡಿದ ಶೇಂಗಾಕಾಯಿಯ ಸಿಪ್ಪೆಯಲ್ಲಿಯೂ ಪಂಜರದ ತಳದ ಒದ್ದೆ ಕಸದಲ್ಲಿಯೂ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಅದರ ಬೀಜಕಣಗಳು ಗಾಳಿಚೀಲದಲ್ಲಿ ನೆಲೆಯೂರಿದರೆ ಏಕಾಣುಜೀವಿಗಳನ್ನು ಕೊಲ್ಲುವ ಔಷಧಗಳು ನಿರರ್ಥಕ. ಮೂರನೆಯದು ಗಾಳಿ. ಒಣಸೀಮೆಯ ಕುಡತಿನಿಯಲ್ಲಿ ದೂಳಿಗೆ ಬರವಿಲ್ಲ. ಕಲ್ಲಿದ್ದಲಿನಿಂದ ನಡೆಯುವ ಶಾಖವಿದ್ಯುತ್ ಕೇಂದ್ರವೂ 2007ರಿಂದ ಅಲ್ಲಿದೆ. ಬೀದಿಯ ದೂಳನ್ನು ನಾವು ತಡೆಯಲಾರೆವು. ಪಂಜರವನ್ನು ಬೀದಿಬಾಗಿಲಿನಿಂದ ಒಳಕೋಣೆಗೆ ಸರಿಸಬಲ್ಲೆವು, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರಸಬಲ್ಲೆವು. ಊದುಬತ್ತಿ, ಬೀಡಿ, ಸೊಳ್ಳೆಬತ್ತಿಗಳ ಹೊಗೆ ಆ ಕೋಣೆಗೆ ಬೇಡ. ಅಂಟದ ಲೇಪನವುಳ್ಳ ಬಾಣಲೆ ಅತಿಯಾಗಿ ಕಾದಾಗ ಹೊಮ್ಮುವ ಅನಿಲವಂತೂ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ನಾಲ್ಕನೆಯದು ನಮ್ಮ ಆತುರ: ಸೀನು ನಿಂತೊಡನೆ ಔಷಧವನ್ನು ನಿಲ್ಲಿಸುವುದು.

ಹಕ್ಕಿ ತನ್ನ ರೋಗವನ್ನು ಮರೆಸುತ್ತದೆ; ಕಾಡಿನಲ್ಲಿ ದುರ್ಬಲತೆಯನ್ನು ತೋರಿದರೆ ಬೇಟೆಗೆ ತುತ್ತಾಗುವುದಷ್ಟೆ! ಆದುದರಿಂದ ದಿನವೂ ಬೆಳಿಗ್ಗೆ ಮೇವಿಗೆ ಮುಂಚೆ ಅದನ್ನು ಗ್ರಾಮ್ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. 120 ಗ್ರಾಮಿನ ಗಿಳಿ 108ಕ್ಕೆ ಇಳಿದರೆ ಹತ್ತನೆಯ ಒಂದು ಪಾಲು ಹೋದಂತಾಯಿತು. ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು, ಕೊಕ್ಕನ್ನು ತೆರೆದೇ ಉಸಿರಾಡುವುದು ಇನ್ನೂ ತುರ್ತಿನ ಚಿಹ್ನೆಗಳು. ಹಿಡಿಯುವಾಗ ಎದೆಯನ್ನು ಅಮುಕಬಾರದು; ಎದೆಮೂಳೆ ಆಡದಿದ್ದರೆ ಉಸಿರೇ ನಿಲ್ಲುವುದು. ಚಳಿಗಾಲದ ರಾತ್ರಿ ಪಂಜರವನ್ನು ಬೆಚ್ಚಗಿರಿಸಿರಿ. ಬಳ್ಳಾರಿಯ ಬೇಸಗೆಯಲ್ಲಿ ನೆರಳು, ತಣ್ಣೀರು ಕೊಡಿರಿ.

ವೈದ್ಯರು ಮೂಗು ಗಂಟಲುಗಳ ದ್ರವವನ್ನು ಪರೀಕ್ಷೆಗೆ ಕಳುಹಿಸಿ ರೋಗಾಣು ಯಾವುದೆಂದು ತಿಳಿದು ಔಷಧ ಕೊಡುವುದು ಉತ್ತಮ. ಕ್ಲಮೈಡಿಯ ಎಂಬ ಏಕಾಣುಜೀವಿಯಿಂದ ಬರುವ ‘ಗಿಳಿಜ್ವರ’ ಮನುಷ್ಯರಿಗೂ ಅಂಟುತ್ತದೆ. 1929–30ರಲ್ಲಿ ಇದು ಸಾಕುಗಿಳಿಗಳ ಮೂಲಕ ಅಮೆರಿಕ, ಯೂರೋಪುಗಳಲ್ಲಿ ಹರಡಿತ್ತು. ಗಿಳಿಯ ಹಿಕ್ಕೆಯನ್ನು ಒಣಗಲು ಬಿಡದೆ, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿ ತೆಗೆಯಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಗಿಳಿಯಿರುವ ಸಂಗತಿಯನ್ನು ತಮ್ಮ ವೈದ್ಯರಿಗೂ ಹೇಳಬೇಕು.

ಇನ್ನೊಂದು ಮಾತು. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದನ್ನೂ ಮಾರುವುದನ್ನೂ ಪಂಜರದಲ್ಲಿಡುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಮನೆಯ ಮುದಿ ಗಿಳಿ ಈ ಜಾತಿಯದಾದರೆ ಅರಣ್ಯ ಇಲಾಖೆಗೆ ತಿಳಿಸಿ ಅವರ ಸೂಚನೆಯಂತೆ ನಡೆಯುವುದೇ ಯುಕ್ತ. ಹಾರುವುದನ್ನು ಮರೆತ, ಉಸಿರು ಕುಂದಿದ ಹಕ್ಕಿಯನ್ನು ತಾವೇ ಬಯಲಿಗೆ ಬಿಡುವುದು ಬಿಡುಗಡೆಯಲ್ಲ, ಸಾವಿಗೆ ಒಪ್ಪಿಸಿದಂತೆ. ಇಷ್ಟು ವರ್ಷ ನಮ್ಮ ಗಾಳಿಯನ್ನೇ ಉಸಿರಾಡಿದ ಜೀವಕ್ಕೆ ಆ ಗಾಳಿಯನ್ನು ಶುಚಿಯಾಗಿಡುವುದು, ಔಷಧದಷ್ಟೇ ಅಗತ್ಯವಾದ ಚಿಕಿತ್ಸೆ.