ಸಿಡಿದ ನಕ್ಷತ್ರವೂ ಸುತ್ತಣ ಅನಿಲವೂ

ವಿದ್ಯಾರ್ಥಿಗಳೇ, ನಕ್ಷತ್ರವು ಸಿಡಿದೊಡನೆ ಅದರ ಕಥೆ ಮುಗಿಯುವುದಿಲ್ಲ. 1987ರ ಫೆಬ್ರವರಿಯಲ್ಲಿ ದಕ್ಷಿಣಾಕಾಶದ ದೊಡ್ಡ ಮೆಗೆಲನ್ ಮೇಘದಲ್ಲಿ ಮಹಾನವ್ಯವೊಂದು ಬರಿಗಣ್ಣಿಗೇ ಗೋಚರಿಸಿತು. ಸಿಡಿಯುವುದಕ್ಕೆ ಸುಮಾರು 20,000 ವರ್ಷ ಮೊದಲೇ ಆ ನಕ್ಷತ್ರವು ಹೊರಚೆಲ್ಲಿದ್ದ ಅನಿಲವು ಅದರ ಸುತ್ತಲೂ ಉಂಗುರದಂತೆ ನಿಂತಿತ್ತು. ಸ್ಫೋಟದ ಆಘಾತತರಂಗವು ಸೆಕೆಂಡಿಗೆ ಸಾವಿರಾರು ಕಿಲೋಮೀಟರು ವೇಗದಿಂದ ಧಾವಿಸಿದರೂ ಉಂಗುರವನ್ನು ಮುಟ್ಟಲು ಎಂಟು ಹತ್ತು ವರ್ಷ ಹಿಡಿಯಿತು. ತರಂಗವು ತಾಗಿದೆಡೆಯಲ್ಲಿ ಅನಿಲವು ಒತ್ತಡಕ್ಕೆ ಸಿಕ್ಕಿ, ಕಾದು, ಸರದ ಮಣಿಗಳಂತೆ ಒಂದೊಂದಾಗಿ ಬೆಳಗತೊಡಗಿತು. ಹಬಲ್ ದೂರದರ್ಶಕವು ಇದನ್ನು ಚಿತ್ರಿಸಿತು.

ಇಂಥ ತರಂಗವು ಅನಿಲವನ್ನು ತಳ್ಳುತ್ತ ತಳ್ಳುತ್ತ ತಾನೇ ವೇಗಗುಂದುತ್ತದೆ. ಆಗ ನಕ್ಷತ್ರದ ಗರ್ಭದಲ್ಲಿಯೂ ಸ್ಫೋಟದಲ್ಲಿಯೂ ಉಂಟಾದ ಆಮ್ಲಜನಕ, ಕಬ್ಬಿಣಗಳು ಸುತ್ತಣ ಅನಿಲದೊಡನೆ ಬೆರೆಯುತ್ತವೆ. ಆ ಅನಿಲವೇ ಮುಂದೆಂದೋ ಸಾಂದ್ರವಾಗಿ ಹೊಸ ನಕ್ಷತ್ರ, ಹೊಸ ಗ್ರಹಗಳಾಗುತ್ತದೆ. ನಮ್ಮ ರಕ್ತದ ಕಬ್ಬಿಣವೂ ಹೀಗೆ ಬಂದುದೇ. ಆದುದರಿಂದ ಆಕಾಶವನ್ನು ಪರರ ಮನೆಯೆಂದು ಬಗೆಯದಿರಿ.