ತಿರುಗಿಸಿದ ಚೌಕ ಎಲ್ಲಿಗೆ ಹೋಯಿತು?

ಜಿಯೋಜೀಬ್ರಾ ಉಚಿತವಾಗಿ ಸಿಗುವ ಗಣಿತ ತಂತ್ರಾಂಶ. ಅದರಲ್ಲಿ ಆಕೃತಿಗಳನ್ನು ತಿರುಗಿಸುವಾಗ ಬರುವ ತೊಡಕುಗಳನ್ನು ವಿವರಿಸಲು ನಾನು ವಿಜಯಪುರದ ಗೋಲಗುಮ್ಮಟವನ್ನು ಆರಿಸಿಕೊಂಡಿದ್ದೇನೆ. ಅದು 1656ರಲ್ಲಿ ತೀರಿಕೊಂಡ ಸುಲ್ತಾನ ಮುಹಮ್ಮದ್ ಆದಿಲ್ ಷಾನ ಸಮಾಧಿ. ಕೆಳಗೆ ಚೌಕದ ಕೋಣೆ, ಮೇಲೆ ದುಂಡನೆಯ ಗುಮ್ಮಟ. ಎರಡನ್ನೂ ಬೆಸೆಯುವುದು ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು. ನಕ್ಷೆಯಲ್ಲಿ ಅವು ಒಂದೇ ಕೇಂದ್ರದ ಎರಡು ಚೌಕಗಳಾಗಿ ಕಾಣುತ್ತವೆ. ಒಂದು ಇನ್ನೊಂದಕ್ಕಿಂತ 45° ತಿರುಗಿದೆ.

ಈ ನಕ್ಷೆ ಬರೆಯೋಣ. ಚೌಕದ ಮೂಲೆಗಳು (2,2), (6,2), (6,6), (2,6). ಇದರ ಕೇಂದ್ರ (4,4).

1. ಚೌಕ ದೂರ ಹೋಗಿ ಬಿತ್ತೇ?
ರೊಟೇಟ್ ಆದೇಶದಲ್ಲಿ ಆಕೃತಿ ಮತ್ತು ಕೋನವನ್ನಷ್ಟೇ ಕೊಟ್ಟರೆ ತಂತ್ರಾಂಶ ಮೂಲಬಿಂದು (0,0) ಸುತ್ತ ತಿರುಗಿಸುತ್ತದೆ. ಆಗ ಹೊಸ ಚೌಕದ ಕೇಂದ್ರ (0, 5.66)ಕ್ಕೆ ಹೋಗುತ್ತದೆ. ಮೂರನೆಯದಾಗಿ (4,4) ಬಿಂದುವನ್ನೂ ಕೊಡಿ. ಆಗ (2,2) ಮೂಲೆ (4, 1.17)ಕ್ಕೆ ಬರುತ್ತದೆ. ಎರಡೂ ಬಿಂದುಗಳು ಕೇಂದ್ರದಿಂದ 2.83 ದೂರದಲ್ಲೇ ಇವೆ. ತಾಳೆ ನೋಡಲು ಇದೇ ದಾರಿ.

2. ಕೋನ ತಪ್ಪಾಗಿ ಕಾಣುತ್ತಿದೆಯೇ?
ಆದೇಶದಲ್ಲಿ ಡಿಗ್ರಿ ಚಿಹ್ನೆಯಿಲ್ಲದ 45 ಎಂದರೆ 45 ರೇಡಿಯನ್. ಅದು ಸುಮಾರು 2578.31°. ಏಳು ಪೂರ್ಣ ಸುತ್ತು, ಅಂದರೆ 2520° ಕಳೆದರೆ 58.31° ಉಳಿಯುತ್ತದೆ. ಹಾಗಾಗಿ ನಕ್ಷತ್ರ ಸೊಟ್ಟಗಾಗುತ್ತದೆ. ಪ್ರಥಮ ಪಿಯುಸಿಯ ತ್ರಿಕೋನಮಿತಿಯಲ್ಲಿ ರೇಡಿಯನ್ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

3. ಏನೂ ಬದಲಾಗಲಿಲ್ಲವೇ?
ಚೌಕವನ್ನು ತನ್ನ ಕೇಂದ್ರದ ಸುತ್ತ 90° ತಿರುಗಿಸಿದರೆ ಅದು ತನ್ನ ಮೇಲೆಯೇ ಕೂರುತ್ತದೆ. ಆದೇಶ ನಡೆದಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಮೂಲೆಗಳ ಹೆಸರು ನೋಡಿ. ಹಾಗೆಯೇ 45° ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಒಂದೇ ಚಿತ್ರ ಬರುತ್ತದೆ. ದಿಕ್ಕು ಪರೀಕ್ಷಿಸಲು ಬಾಹುಗಳು ಅಸಮವಾದ ತ್ರಿಭುಜ ಬಳಸಿ. ಧನ ಕೋನ ಎಂದರೆ ಗಡಿಯಾರದ ವಿರುದ್ಧ ದಿಕ್ಕು.

4. ಹೊಸ ಚೌಕ ಎಳೆದರೂ ಜರುಗುವುದಿಲ್ಲವೇ?
ಅದು ಮೂಲ ಚೌಕವನ್ನು ಅವಲಂಬಿಸಿದ ಪ್ರತಿಬಿಂಬ. ಮೂಲದ ಮೂಲೆಯನ್ನು ಎಳೆಯಿರಿ, ಪ್ರತಿಬಿಂಬವೂ ಬದಲಾಗುತ್ತದೆ.

ಪರದೆಯ ಮೇಲೆ ಕೇಂದ್ರ ತಪ್ಪಿದರೆ ಅಳಿಸಿ ಬರೆಯಬಹುದು. ಕಲ್ಲು ಗಾರೆಯ ಕಟ್ಟಡದಲ್ಲಿ ತಪ್ಪಿದರೆ ಕಮಾನು ಗೋಡೆಯ ಮೇಲೆ ಕೂರುವುದೇ ಇಲ್ಲ. ಆದ್ದರಿಂದ "ತಿರುಗಿಸು" ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವುದರ ಸುತ್ತ? ಎಷ್ಟು? ಯಾವ ಕಡೆಗೆ?

ಮಾಡಿ ನೋಡಿ: (1,1), (5,1), (3,4) ಮೂಲೆಗಳ ತ್ರಿಭುಜವನ್ನು (1,1) ಸುತ್ತ 90° ತಿರುಗಿಸಿ. ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ, ಆಮೇಲೆ ಕಂಪ್ಯೂಟರ್‌ನಲ್ಲಿ. ಉತ್ತರ: (1,1), (1,5), (-2,3).