ಕಪ್ಪತಗುಡ್ಡ ಮತ್ತು ಅದರ ವನಸ್ಪತಿಗಳು

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ಕಾಣದವರು ನಮ್ಮಲ್ಲಿ ವಿರಳ. ಆದರೆ ಅದರ ಮೇಲೆ ಬೆಳೆಯುವ ನಾಲ್ಕು ಗಿಡಗಳ ಹೆಸರನ್ನು ಹೇಳಬಲ್ಲವರೂ ಅಷ್ಟೇ ವಿರಳ. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವುದು ಈ ಲೇಖನದ ಉದ್ದೇಶ.

ಬೇಸಿಗೆಯಲ್ಲಿ ನೋಡಿದವರಿಗೆ ಗುಡ್ಡವು ಬೋಳಾಗಿ ತೋರುವುದು. ವಾಸ್ತವವಾಗಿ ಇಲ್ಲಿಯ ಬಹಳಷ್ಟು ಮರಗಳು ಎಲೆಯುದುರಿಸಿ ತಮ್ಮೊಳಗಿನ ನೀರನ್ನು ಕಾಪಾಡಿಕೊಳ್ಳುವ ಜಾತಿಯವು. ದಿಂಡಲ ಮರವು ಅಂಟು ಕೊಡುತ್ತದೆ. ತಂಗಡಿಯ ತೊಗಟೆಯಿಂದ ಚರ್ಮ ಹದಮಾಡುತ್ತಾರೆ. ಕಕ್ಕೆಕಾಯಿಯ ತಿರುಳು ವೈದ್ಯರಿಗೆ ಭೇದಿಯ ಔಷಧ. ಇಳಿಜಾರಿನ ಹುಲ್ಲು ಮಣ್ಣನ್ನು ಹಿಡಿದು, ಮಳೆಯ ನೀರು ಒಮ್ಮೆಲೇ ಹರಿದುಹೋಗದಂತೆ ತಡೆಯುತ್ತದೆ.

ಇವುಗಳಲ್ಲಿ ಸೊಗದೆಬಳ್ಳಿ ನನಗೆ ಹೆಚ್ಚು ಪರಿಚಿತವಾದದ್ದು. ಸಪೂರಾದ ಬಳ್ಳಿ, ಎಲೆಯ ನಡುವೆ ಬಿಳಿಯ ಗೆರೆ, ಬೇರಿಗೆ ಮಧುರವಾದ ಪರಿಮಳ. ಬಾಲ್ಯದಲ್ಲಿ ಗುಡ್ಡದ ಬುಡದ ಹಳ್ಳಿಯಲ್ಲಿದ್ದಾಗ ಒಮ್ಮೆ ಉಡಿತುಂಬ ಬೇರು ಕಿತ್ತು ತಂದು ಅಜ್ಜನ ಮುಂದೆ ಸುರುವಿದೆ. ಶಹಬಾಸ್ ಎನ್ನುವನೆಂದು ಕಾದಿದ್ದ ನನಗೆ ಅಜ್ಜನೆಂದದ್ದು ಇಷ್ಟೇ: "ತಮ್ಮಾ, ಪೂರಾ ಕಿತ್ತಿಯಲ್ಲೋ, ಬರೋ ವರ್ಷ ಏನ್ ಕೀಳ್ತಿ?"

ಆ ಮಾತಿನ ಅರ್ಥ ಸಸ್ಯಶಾಸ್ತ್ರವನ್ನು ಓದಿದ ಮೇಲೆ ತಿಳಿಯಿತು. ಸೊಗದೆಯ ಬೀಜಕ್ಕೆ ಅರಳೆಯಂಥ ಎಳೆಗಳಿದ್ದು, ಗಾಳಿಯು ಅದನ್ನು ದೂರಕ್ಕೊಯ್ದು ಬಿತ್ತುತ್ತದೆ. ಕಾಯಿ ಬಲಿಯುವ ಮೊದಲೇ ಬೇರು ಕಿತ್ತರೆ ಗಾಳಿಗುಂಡಿ ಬಸವಣ್ಣನ ನೆತ್ತಿಯ ಮೇಲೆ ಬೀಸುವ ಅಷ್ಟು ಗಾಳಿಯಿದ್ದೂ ಬಿತ್ತಲು ಬೀಜವಿಲ್ಲ!

ಗುಡ್ಡದ ಒಡಲಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನಗಳಿವೆ. ಆದಕಾರಣ ಅದರ ರಕ್ಷಣೆಯು ಸುಲಭವಾಗಲಿಲ್ಲ. 2015ರಲ್ಲಿ ಸರಕಾರವು ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರಲ್ಲಿ ಆ ಆಜ್ಞೆಯನ್ನು ಹಿಂತೆಗೆಯಿತು. ಜನರ ಹೋರಾಟದಿಂದ 2017ರಲ್ಲಿ ಮರಳಿ ಜಾರಿಗೊಳಿಸಿತು. 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಪ್ರದೇಶವು ವನ್ಯಜೀವಿ ಧಾಮವಾಯಿತು.

ಗಣಿಯನ್ನು ಕಾಯಿದೆಯು ತಡೆಯಬಹುದು. ಆದರೆ ಬೇಸಿಗೆಯಲ್ಲಿ ಹುಲ್ಲಿಗೆ ತಗಲುವ ಬೆಂಕಿ, ಕದ್ದು ಬೇರು ಕೀಳುವ ಕೈ, ಇವನ್ನು ತಡೆಯಬೇಕಾದವರು ನೆರೆಯಲ್ಲಿರುವ ನಾವೇ ಅಲ್ಲವೆ? ಗುರುತಿಲ್ಲದ ಗಿಡವು ಸತ್ತರೆ ಯಾರಿಗೂ ತಿಳಿಯದು. ಆದುದರಿಂದ ವಿದ್ಯಾರ್ಥಿಮಿತ್ರರೇ, ಮುಂದಿನ ಮಳೆಗಾಲದಲ್ಲಿ ಗುಡ್ಡಕ್ಕೆ ಹೋದಾಗ ಒಂದು ಗಿಡವನ್ನಾದರೂ ಹೆಸರು ಹಿಡಿದು ಗುರುತಿಸಿ ಬನ್ನಿರಿ. ಬೇರನ್ನು ಮಾತ್ರ ಅಲ್ಲಿಯೇ ಬಿಟ್ಟುಬನ್ನಿರಿ.